ಬೋರಲು ಮಲಗಿ ಅಲೆ ಹಿಡಿಯೋದು

"ನಿಂತ್ಕೊಂಡು ಹೋದ್ರೆ ಸರ್ಫಿಂಗು, ಬೋರಲು ಮಲ್ಕೊಂಡು ಹೋದ್ರೆ ಅದೇನಣ್ಣ, ನಿದ್ದೆನಾ?" ನಮ್ಮ ಮಂಡಿ ಲೋಡಿಂಗ್ ಹುಡುಗ್ರು ಕೇಳೋ ಪ್ರಶ್ನೆ ಇದು, ಆಗಾಗ ಯಾರಾದ್ರೂ ಒಬ್ಬ ಕೇಳ್ತಾನೆ, ಕೇಳಿ ಅವನೇ ನಗ್ತಾನೆ. ಕೋಲಾರ ಎಪಿಎಂಸಿಯಲ್ಲಿ ಟೊಮ್ಯಾಟೊ ಕ್ರೇಟಿನ ಲೆಕ್ಕ ಬರೆಯೋ ಮನುಷ್ಯ ರಜಾ ಸಿಕ್ಕಿದ ತಕ್ಷಣ ಕಡಲಿಗೆ ಓಡಿ, ಮೂರೂವರೆ ಅಡಿ ಫೋಮ್ ಹಲಗೆ ಮೇಲೆ ಹೊಟ್ಟೆ ಊರಿ ಅಲೆ ಮೇಲೆ ಜಾರ್ತಾನೆ ಅನ್ನೋದನ್ನ ಅವರಿಗೆ ನಂಬೋಕೂ ಆಗಲ್ಲ ಬಿಡೋಕೂ ಆಗಲ್ಲ. ಈ ಆಟದ ಹೆಸರು ಬಾಡಿಬೋರ್ಡಿಂಗ್. ಫೋನಲ್ಲಿ ವೀಡಿಯೊ ತೋರಿಸಿದ್ರೆ ಒಂದೇ ಜಾಗಕ್ಕೆ ಕಣ್ಣರಳಿಸ್ತಾರೆ, ಸವಾರ ಗಾಳೀಲಿ ಪಲ್ಟಿ ಹೊಡೆದು ವಾಪಸ್ ನೀರಿಗೆ ಬೀಳೋ ಜಾಗಕ್ಕೆ. "ಅದನ್ನ ಹೆಂಗ್ ಮಾಡೋದು ಹೇಳಿ" ಅಂತಾರೆ. ಹೇಳೋಣ ಅಂತ್ಲೇ ಬರೀತಿದ್ದೀನಿ, ಆದ್ರೆ ಆ ಪಲ್ಟಿಗೆ ಬರೋಷ್ಟರಲ್ಲಿ ಸ್ವಲ್ಪ ಸುತ್ತಾಡ್ಬೇಕಾಗುತ್ತೆ, ಯಾಕಂದ್ರೆ ಆ ಅರ್ಧ ಸೆಕೆಂಡಲ್ಲಿ ಸವಾರ ಮಾಡೋದು ತುಂಬಾ ಕಮ್ಮಿ, ಎಸೆಯೋದೆಲ್ಲ ಅಲೆ, ಅವನ ಕೆಲಸ ಏನಿದ್ರೂ ಅದಕ್ಕಿಂತ ಮುಂಚೆನೇ ಮುಗಿದಿರುತ್ತೆ. ಇದನ್ನ ಅರ್ಥ ಮಾಡ್ಕೊಳ್ಳೋಕೆ ನನಗೆ ಹಿಡಿದ ಟೈಮು ಪಲ್ಟಿ ಕಲಿಯೋಕೆ ಹಿಡಿದಿದ್ದಕ್ಕಿಂತ ಜಾಸ್ತಿ.

ಮೊದಲು ನಮ್ಮೂರು ಎಲ್ಲಿದೆ ಅಂತ ನೋಡಿ. ಸಮುದ್ರಮಟ್ಟದಿಂದ 800 ಮೀಟರಿಗಿಂತ ಮೇಲೆ, ವರ್ಷಪೂರ್ತಿ ಹರಿಯೋ ಒಂದು ನದಿ ಇಲ್ಲ, ಬೋರ್‌ವೆಲ್ 1000 ಅಡಿ ದಾಟಿದ್ರೂ ಕೆಲವು ಕಡೆ ಧೂಳೇ ಬರುತ್ತೆ. ಆದ್ರೆ ಊರ ಪಕ್ಕ ಹಾದು ಹೋಗೋ ನ್ಯಾಷನಲ್ ಹೈವೇ 75 ಹಿಡ್ಕೊಂಡು ಪಶ್ಚಿಮಕ್ಕೆ ಹೋಗ್ತಾನೇ ಇದ್ರೆ ಬೆಂಗಳೂರು, ನೆಲಮಂಗಲ, ಕುಣಿಗಲ್, ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಇಳಿದು ಬಂಟ್ವಾಳಕ್ಕೆ ಬಿಡುತ್ತೆ, ಅಲ್ಲಿಂದ ಮಂಗಳೂರು ಪಕ್ಕದಲ್ಲೇ. ತಮಾಷೆ ಅಂದ್ರೆ ರೋಡು ಅರಬ್ಬಿ ಸಮುದ್ರದ ಕಡೆ ಹೋಗುತ್ತೆ, ನಮ್ಮ ನೀರು ಹೋಗಲ್ಲ, ಪಾಲಾರ್ ಆಗ್ಲಿ ದಕ್ಷಿಣ ಪಿನಾಕಿನಿ ಆಗ್ಲಿ ಹರಿದಾಗ ಹೋಗೋದು ತಮಿಳುನಾಡಿನ ಮೇಲೆ ಬಂಗಾಳ ಕೊಲ್ಲಿಗೆ. ಮದ್ರಾಸ್ ಹತ್ರ ಅಲ್ವಾ, ಅಲ್ಲಿಗೇ ಹೋಗಬಹುದಲ್ಲ ಅಂತ ಕೇಳ್ತಾರೆ. ಹತ್ರಾನೇ, ಕೋವಳಂ ಕಡೆ ಅಲೆನೂ ಚೆನ್ನಾಗಿದೆ, ಆದ್ರೆ ನಮ್ಮ ಅಕ್ಕನ ಮನೆ ಇರೋದು ಸುರತ್ಕಲ್ ಹತ್ರ. ಊಟ, ಹಾಸಿಗೆ ಎರಡೂ ಫ್ರೀ. ಭೂಗೋಳಕ್ಕಿಂತ ಇಂಥ ಕಾರಣಗಳೇ ಮನುಷ್ಯನನ್ನ ಜಾಸ್ತಿ ಓಡಾಡಿಸೋದು.

ಸೀಸನ್ ವಿಷಯದಲ್ಲಂತೂ ನನಗೂ ಕಡಲಿಗೂ ಜಾತಕ ಕೂಡಿದೆ. ಜೂನಿಂದ ಸೆಪ್ಟೆಂಬರ್‌ವರೆಗೆ ಮಂಡಿಯಲ್ಲಿ ಉಸಿರು ಬಿಡೋಕೂ ಟೈಮ್ ಇರಲ್ಲ, ಲಾರಿ ಮೇಲೆ ಲಾರಿ, ಅದೇ ತಿಂಗಳುಗಳಲ್ಲಿ ಪಶ್ಚಿಮ ಕರಾವಳೀಲಿ ಮುಂಗಾರು ಕುಣೀತಿರುತ್ತೆ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ, ನಮ್ಮಂಥವರು ಹಲಗೆ ಹಿಡ್ಕೊಂಡು ಇಳಿಯೋ ಮಾತೇ ಇಲ್ಲ. ಅಕ್ಟೋಬರ್‌ಗೆ ಇಲ್ಲಿ ರಶ್ ಇಳಿಯುತ್ತೆ, ಅಲ್ಲಿ ಅಲೆ ಹದಕ್ಕೆ ಬರುತ್ತೆ.

ಈ ಬೋರ್ಡಿನ ಹುಟ್ಟು ಕೇಳಿದ್ರೆ ಅದೂ ಒಂಥರಾ ಮನೆ ಕೆಲಸಾನೇ. 1971ರ ಜುಲೈ, ಹವಾಯಿಯ ದೊಡ್ಡ ದ್ವೀಪ, ಟಾಮ್ ಮೋರಿ ಅಂತ ಒಬ್ಬ. ಗಣಿತ ಓದಿದವನು, ವಿಮಾನ ಕಂಪನೀಲಿ ಇಂಜಿನಿಯರ್ ಆಗಿದ್ದವನು, ಜೊತೆಗೆ ಜಾಝ್ ಡ್ರಮ್ಮರ್ ಬೇರೆ. ಹತ್ರ ಇದ್ದ ಒಂಬತ್ತು ಅಡಿ ಪಾಲಿಎಥಿಲೀನ್ ಫೋಮ್ ತುಂಡನ್ನ ಎರಡು ಮಾಡಿ, ಮಾಂಸ ಕೊಯ್ಯೋ ಎಲೆಕ್ಟ್ರಿಕ್ ಚಾಕುವಿಂದ ಆಕಾರ ಕೊಟ್ಟು, ಬಟ್ಟೆ ಇಸ್ತ್ರಿ ಪೆಟ್ಟಿಗೆಯಿಂದ ಅಂಚನ್ನ ನಯ ಮಾಡ್ದ. ಕಾವು ನೇರವಾಗಿ ತಾಗಿದ್ರೆ ಫೋಮ್ ಕರಗುತ್ತಲ್ಲ, ಮಧ್ಯೆ ನ್ಯೂಸ್ ಪೇಪರ್ ಇಟ್ಟ, ಪೇಪರಿನ ಅಕ್ಷರಗಳು ಬೋರ್ಡಿನ ಮೇಲೆ ಅಚ್ಚಾಗಿ ಉಳಿದವು. ಅದಕ್ಕೆ ಅವನು ಇಟ್ಟ ಹೆಸರು ಬೂಗಿ, ತನಗಿಷ್ಟದ ಬೂಗಿ ವೂಗಿ ಸಂಗೀತದಿಂದ. 2021ರ ಅಕ್ಟೋಬರಲ್ಲಿ ತೀರಿಕೊಂಡ ಪಾಪ. ಹಾಗಂತ ಬೋರಲು ಮಲಗಿ ಅಲೆ ಸವಾರಿ ಮಾಡೋದು ಅವನು ಕಂಡುಹಿಡಿದಿದ್ದಲ್ಲ, ಹವಾಯಿ ಜನ ಪೈಪೋ ಅನ್ನೋ ಮರದ ಸಣ್ಣ ಹಲಗೆ ಮೇಲೆ ಹೊಟ್ಟೆ ಊರಿ ಎಷ್ಟೋ ಕಾಲದಿಂದ ಜಾರ್ತಿದ್ರು, ಆದ್ರೆ ಮರ ತಲೆಗೆ ಬಡಿದ್ರೆ ತಲೆ ಒಡೆಯುತ್ತೆ, ಫೋಮ್ ಬಡಿದ್ರೆ ಎದ್ದು ಬೈಕೊಂಡು ಹೋಗಬಹುದು. ಮೋರಿ ಕೊಟ್ಟಿದ್ದು ಆ ಧೈರ್ಯ. ಹನ್ನೊಂದು ವರ್ಷ ಆದ್ಮೇಲೆ, 1982ರಲ್ಲಿ, ಹವಾಯಿಯ ಪೈಪ್‌ಲೈನ್ ಅನ್ನೋ ಭಯಂಕರ ಅಲೆಯಲ್ಲಿ ಇದೇ ಫೋಮ್ ಹಲಗೆಗಳ ಅಂತರರಾಷ್ಟ್ರೀಯ ಸ್ಪರ್ಧೆ ನಡೀತು. ಸರ್ಫಿಂಗ್ ಮಾತ್ರ ಟೋಕಿಯೊ ಒಲಿಂಪಿಕ್ಸಿಗೆ ಹೋಯ್ತು, ಬಾಡಿಬೋರ್ಡಿಂಗ್ ಹೊರಗೇ ಉಳೀತು. ಮಲಗಿದವರನ್ನ ಯಾರೂ ಸೀರಿಯಸ್ಸಾಗಿ ತಗೊಳಲ್ಲ ನೋಡಿ, ಮಂಡಿ ಹುಡುಗ್ರನ್ನ ಮಾತ್ರ ಬೈದು ಏನ್ ಪ್ರಯೋಜನ.

ಮೈಕ್ ಸ್ಟೀವರ್ಟ್ ಅಂತ ಒಬ್ಬ ಇದಾನೆ, ಹವಾಯಿಯವನು, ಒಂಬತ್ತು ಸಲ ವಿಶ್ವ ಚಾಂಪಿಯನ್. ಅವನ ಗೆಲುವುಗಳಿಗಿಂತ ನನ್ನ ತಲೇಲಿ ಕೂತಿರೋದು 1996ರಲ್ಲಿ ಅವನು ಮಾಡಿದ ಒಂದು ಹುಚ್ಚು ಕೆಲಸ. ದಕ್ಷಿಣ ಗೋಳಾರ್ಧದ ಒಂದು ಬಿರುಗಾಳಿ ಎಬ್ಬಿಸಿದ ಅಲೆಗಳ ಹಿಂಡನ್ನ ಮೊದಲು ತಾಹಿತಿಯಲ್ಲಿ ಹಿಡ್ದ, ಆಮೇಲೆ ವಿಮಾನ ಹತ್ತಿ ಹವಾಯಿಗೆ ಹೋಗಿ ಅದೇ ಹಿಂಡು ಅಲ್ಲಿಗೆ ಬಂದಾಗ ಮತ್ತೆ ಹಿಡ್ದ, ಆಮೇಲೆ ಕ್ಯಾಲಿಫೋರ್ನಿಯಾ, ಕೊನೆಗೆ ಅಲಾಸ್ಕಾ. ಒಂದೇ ಅಲೆಹಿಂಡು, ಸಾಗರದ ಆ ತುದಿಯಿಂದ ಈ ತುದಿವರೆಗೆ. ಇದನ್ನ ಓದಿದ ದಿನ ನನಗೆ ಮೊದಲನೇ ಸಲ ಸರಿಯಾಗಿ ಹೊಳೆದಿದ್ದು, ದಡದಲ್ಲಿ ನನ್ನ ಕಾಲಿಗೆ ಬಂದು ಬೀಳೋ ಅಲೆ ಅಲ್ಲಿ ಹುಟ್ಟಿದ್ದೇ ಅಲ್ಲ, ಎಲ್ಲಿಂದಲೋ ಪ್ರಯಾಣ ಮಾಡ್ಕೊಂಡು ಬಂದಿರೋದು ಅಂತ. ನಮ್ಮ ಕರಾವಳಿಗೂ ಮುಂಗಾರು ಮುಗಿದ ಮೇಲೆ ಬರೋ ಉದ್ದನೆ ಅಲೆಗಳಲ್ಲಿ ಎಷ್ಟೋ ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿಗಳಿಂದ ಸಾವಿರಾರು ಕಿಲೋಮೀಟರ್ ದಾಟಿ ಬಂದಿರುತ್ತವೆ.

ಅಲೆ ಅಂದ್ರೆ ಏನು ಅನ್ನೋದು ನನಗೆ ಅರ್ಥ ಆಗಿದ್ದು ಮಾತ್ರ ಕಡಲಲ್ಲಲ್ಲ, ಕೆರೆ ಕೋಡಿ ಹತ್ರ. 2021ರ ನವೆಂಬರ್ ಮಳೆ ನೆನಪಿದ್ಯಲ್ಲ, ವರ್ಷಾನುಗಟ್ಟಲೆ ಒಣಗಿ ಬಿರಿದಿದ್ದ ಕೆರೆಗಳೆಲ್ಲ ನಮ್ಮ ಕಡೆ ತುಂಬಿ ಕೋಡಿ ಬಿದ್ದವು, ಜನ ಬಾಗಿನ ಕೊಡೋಕೆ, ಸೆಲ್ಫಿ ತೆಗೆಯೋಕೆ, ಮೀನು ಹಿಡಿಯೋಕೆ ಅಂತ ಜಾತ್ರೆ ಸೇರಿದ್ರು, ನಾನೂ ಹೋಗಿದ್ದೆ. ಕೋಡಿಯ ಇಳಿಜಾರಲ್ಲಿ ನೀರು ತೆಳ್ಳಗೆ, ಜೋರಾಗಿ ಜಾರಿ ಬಂದು ಕೆಳಗಿನ ನಿಧಾನದ ನೀರಿಗೆ ಗುದ್ದೋ ಜಾಗದಲ್ಲಿ ಒಂದು ಬಿಳಿ ಉಬ್ಬು ನಿಂತಿತ್ತು. ಎಷ್ಟೊತ್ತು ನೋಡಿದ್ರೂ ಉಬ್ಬು ಅಲ್ಲೇ ಇದೆ, ಒಂದು ಇಂಚು ಅಲ್ಲಾಡಲ್ಲ, ನೀರು ಮಾತ್ರ ಅದರೊಳಗಿಂದ ಹರಿದು ಹೋಗ್ತಾನೇ ಇದೆ. ಒಂದು ಎಲೆ ಬಂತು, ಉಬ್ಬು ಹತ್ತಿ ಮುಳುಗಿ ಎದ್ದು ಕಾಲುವೆ ಪಾಲಾಯ್ತು. ಆಕಾರ ನಿಂತಿದೆ, ನೀರು ಓಡ್ತಿದೆ. ಕಡಲಲ್ಲಿ ಇದರ ಪೂರ್ತಿ ಉಲ್ಟಾ ಅಂತ ಅಲ್ಲೇ ನಿಂತು ಲೆಕ್ಕ ಹಾಕ್ದೆ, ಅಲ್ಲಿ ಆಕಾರ ಓಡುತ್ತೆ, ನೀರು ಹೆಚ್ಚು ಕಮ್ಮಿ ಇದ್ದ ಜಾಗದಲ್ಲೇ ಮೇಲೆ ಮುಂದೆ ಕೆಳಗೆ ಹಿಂದೆ ಅಂತ ಒಂದು ಸುತ್ತು ಹಾಕಿ ಸುಮ್ನಾಗುತ್ತೆ. ಆಳದಲ್ಲಿ ಬೋರ್ಡ್ ಮೇಲೆ ಕಾಯ್ತಾ ಇದ್ದಾಗ ಅಲೆ ನಮ್ಮ ಕೆಳಗಿಂದ ದಾಟಿ ಹೋಗುತ್ತೆ, ನಾವು ಎದ್ದು ಇಳಿದು ಅಲ್ಲೇ ಇರ್ತೀವಿ, ಯಾಕೆ ಅಂದ್ರೆ ಇದೇ. ಹಾಗಾಗಿ ನಾವು ಸವಾರಿ ಮಾಡೋದು ನೀರಿನ ಮೇಲೆ ಅನ್ನೋದಕ್ಕಿಂತ ಓಡೋ ಒಂದು ಇಳಿಜಾರಿನ ಮೇಲೆ. ಆ ಇಳಿಜಾರಿನ ವೇಗಕ್ಕೆ ನಾವು ಬರಲಿಲ್ಲ ಅಂದ್ರೆ ಅದು ನಮ್ಮನ್ನ ಬಿಟ್ಟು ಹೋಗುತ್ತೆ.

(ಕೋಡಿ ಕೆಳಗಿನ ಆ ಬಿಳಿ ಉಬ್ಬಿನ ಹತ್ರ ಯಾರೂ ಇಳಿಬೇಡಿ ದಯವಿಟ್ಟು. ಅಲ್ಲಿ ನೀರು ವಾಪಸ್ ಸುತ್ತಿ ಒಳಗೆ ಎಳೆಯುತ್ತೆ, ಈಜು ಬಂದ್ರೂ ಬಿಡಲ್ಲ.)

ಇನ್ನೊಂದು ಲೆಕ್ಕ. ಅಲೆಯ ಎತ್ತರದ ಸುಮಾರು 1.3 ಪಟ್ಟು ಆಳಕ್ಕೆ ಬಂದಾಗ ಅಲೆ ಮುರಿಯುತ್ತೆ, ಅಂದ್ರೆ ಒಂದು ಮೀಟರ್ ಅಲೆ ಎದೆಮಟ್ಟದ ನೀರಲ್ಲಿ ಒಡೆಯುತ್ತೆ. ಬುಡ ನೆಲಕ್ಕೆ ತಾಗಿ ನಿಧಾನ ಆಗುತ್ತೆ, ತಲೆ ಅದೇ ಓಟದಲ್ಲಿ ಮುಂದಕ್ಕೆ ಬೀಳುತ್ತೆ, ಆ ಬೀಳೋ ತುದೀನೇ ಲಿಪ್ಪು, ಎಲ್ಲಾ ಟ್ರಿಕ್ಕುಗಳ ತಾಯಿ. ಒಂದರ ಹಿಂದೊಂದು ಬರೋ ಎರಡು ಅಲೆಗಳ ಮಧ್ಯದ ಸಮಯ ಅಂದ್ರೆ ಪೀರಿಯಡ್ಡು ಇನ್ನೂ ಮುಖ್ಯ. ಅಲ್ಲೇ ಹತ್ರದ ಗಾಳಿ ಎಬ್ಬಿಸಿದ ಐದಾರು ಸೆಕೆಂಡಿನ ಅಲೆ ಎತ್ತರ ಇದ್ರೂ ಪುಸ್ ಅಂತ ಒಡೆದು ಮುಗಿದುಹೋಗುತ್ತೆ, 14 ಸೆಕೆಂಡಿನ ಅಲೆ ನೋಡೋಕೆ ಸಣ್ಣದಿದ್ರೂ ಆಳ ಸಮುದ್ರದಲ್ಲಿ ಗಂಟೆಗೆ ಸುಮಾರು 80 ಕಿಲೋಮೀಟರ್ ಓಡಿ ಬಂದಿರುತ್ತೆ, ದಡದ ಹತ್ರ ಎದ್ದು ನಿಂತಾಗ ಅದರ ತೂಕ ಬೇರೇನೇ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನುಗಾರರಿಗೆ ಅಂತ ಅಲೆ ಎತ್ತರ, ಪೀರಿಯಡ್ಡು, ದಿಕ್ಕು ಎಲ್ಲಾ ಮುಂಚಿತವಾಗಿ ಹಾಕುತ್ತೆ, ಯಾರು ಬೇಕಾದ್ರೂ ನೋಡಬಹುದು. ಮಂಡಿಯಲ್ಲಿ ಕೂತು ಒಂದು ಕಡೆ ಟೊಮ್ಯಾಟೊ ರೇಟು, ಇನ್ನೊಂದು ಕಡೆ ಮಂಗಳೂರಿನ ಅಲೆ ಎತ್ತರ ನೋಡೋ ಕೋಲಾರದವನು ನಾನೊಬ್ಬನೇ ಇರಬೇಕು. ಪೀರಿಯಡ್ಡು 12 ದಾಟಿ, ಬೆಳಗ್ಗೆ ಗಾಳಿ ನೆಲದ ಕಡೆಯಿಂದ ಕಡಲಿಗೆ ಬೀಸೋ ಹಾಗಿದ್ರೆ ಆ ರಾತ್ರಿ ಬಸ್ಸು. ಮಧ್ಯಾಹ್ನ ಆದ್ಮೇಲೆ ಕಡಲಗಾಳಿ ಎದ್ದು ಅಲೆ ಮುಖನೆಲ್ಲ ಕೆಡಿಸುತ್ತೆ, ಆವಾಗ ಅಕ್ಕನ ಮನೇಲಿ ಮೀನೂಟ.

ಊರಲ್ಲಿದ್ದಾಗ ಪ್ರಾಕ್ಟೀಸ್ ಎಲ್ಲಿ? 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರ್ತಿದೆ, ಕೆರೆ ತುಂಬಿದ್ದು ನೋಡೋಕೆ ಚೆಂದ, ಅಂತರ್ಜಲಕ್ಕೂ ಒಳ್ಳೇದು ಅಂತಾರೆ, ಅದರೊಳಗೆ ಮುಖ ಹಾಕಿ ಈಜೋಕೆ ಮಾತ್ರ ಮನಸ್ಸು ಬರಲ್ಲ. ಕೃಷಿ ಹೊಂಡ ಅಂತೂ ಬೇಡವೇ ಬೇಡ, ತಳಕ್ಕೆ ಹಾಸಿರೋ ಪ್ಲಾಸ್ಟಿಕ್ ಹಾಳೆ ಪಾಚಿ ಹಿಡಿದು ಜಾರುತ್ತೆ, ಹತ್ತಿ ಬರೋಕೆ ಹಿಡಿತವೇ ಸಿಗಲ್ಲ, ನಮ್ಮ ಜಿಲ್ಲೇಲಿ ಎಷ್ಟು ಮಕ್ಕಳು ಹೋಗಿದಾವೆ ಅದರಲ್ಲಿ. ನಾನು ಹೋಗೋದು ದುಡ್ಡು ಕೊಟ್ಟು ಒಂದು ಪೂಲಿಗೆ, ಫಿನ್ಸ್ ಅಂದ್ರೆ ಪಾದಕ್ಕೆ ಸಿಕ್ಕಿಸೋ ರಬ್ಬರ್ ರೆಕ್ಕೆ ಹಾಕ್ಕೊಂಡು ಬರೀ ಕಾಲು ಒದೆಯೋದು, ಉದ್ದಕ್ಕೆ ಹೋಗೋದು ಬರೋದು. ಫಿನ್ಸ್ ಇಲ್ಲದ ಬಾಡಿಬೋರ್ಡಿಂಗ್ ಅಂದ್ರೆ ದಡದಲ್ಲಿ ಆಟ ಆಡ್ದಂಗೆ, ಇಂಜಿನ್ ಇರೋದೇ ಕಾಲಲ್ಲಿ. ಒದೆತ ಮೊಣಕಾಲಿಂದ ಅಲ್ಲ, ಸೊಂಟದಿಂದ ಬರ್ಬೇಕು, ಫಿನ್ಸ್ ನೀರೊಳಗೇ ಇರ್ಬೇಕು, ಮೇಲೆ ಬಂದು ಪಟಪಟ ಸದ್ದು ಮಾಡಿದ್ರೆ ಅದು ಬರೀ ಶೋ. ಪೂಲಿನ ಅಂಕಲ್‌ಗಳು ನನ್ನನ್ನ ಒಂಥರಾ ನೋಡ್ತಾರೆ, ಅಭ್ಯಾಸ ಆಗಿದೆ.

ಮನೇಲಿ ಇನ್ನೊಂದು ಪ್ರಾಕ್ಟೀಸು. ನಮ್ಮದು ಹಳೇ ಮನೆ, ನಡುಮನೇಲಿ ಕಡಪ ಕಲ್ಲು, ಕಾಲು ತುಳಿದು ತುಳಿದು ಕನ್ನಡಿ ಆಗಿದೆ. ಹಳೇ ಜಮಖಾನ ಹಾಸಿ ಅದರ ಮೇಲೆ ಬೋರ್ಡಿಟ್ಟು ಮಲಗಿದ್ರೆ ಸಲೀಸಾಗಿ ತಿರುಗುತ್ತೆ. ಅಲ್ಲೇ ನಾನು ಸ್ಪಿನ್ನಿನ ಮೊದಲ ಪಾಠ ಮಾಡಿದ್ದು. ತಲೆ ಮೊದಲು ತಿರುಗ್ಬೇಕು, ಆಮೇಲೆ ಭುಜ, ಆಮೇಲೆ ಸೊಂಟ, ಕಾಲು ಮೇಲಕ್ಕೆತ್ತಿ ಒಂದರ ಮೇಲೊಂದು ಹಾಕಿರ್ಬೇಕು. ಕಾಲು ನೆಲಕ್ಕೆ ತಾಗಿದ ಕ್ಷಣ ತಿರುಗಾಟ ನಿಲ್ಲುತ್ತೆ, ನೀರಲ್ಲೂ ಅಷ್ಟೇ, ಇಳಿಬಿಟ್ಟ ಫಿನ್ಸ್ ಅಂದ್ರೆ ಬ್ರೇಕು. ಅಮ್ಮ ಬಾಗಿಲಲ್ಲಿ ನಿಂತು ನೋಡಿ "ಮದ್ವೆ ಆಗೋ ವಯಸ್ಸಲ್ಲಿ ನೆಲ ಒರೆಸ್ತಿದ್ದೀಯ, ಹಂಗೇ ಆ ಮೂಲೆನೂ ಒರ್ಸು" ಅಂದ್ರು.

ಕಡಲಿಗೆ ಬರೋಣ. ಮೂಲ್ಕಿಯಲ್ಲಿ 2004ರಿಂದ ಸರ್ಫ್ ಕ್ಲಬ್ ಇದೆ, ಪಕ್ಕದ ಸಸಿಹಿತ್ಲು ಬೀಚಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆಗಳು ನಡೆದಿವೆ, ಶಾಂಭವಿ ಮತ್ತು ನಂದಿನಿ ಎರಡೂ ನದಿ ಕೂಡಿ ಸಮುದ್ರ ಸೇರೋ ಜಾಗ ಅದು. ನದಿ ಮುಖದಲ್ಲಿ ಮರಳು ದಿಬ್ಬ ಜಾಗ ಬದಲಾಯಿಸ್ತಾನೇ ಇರುತ್ತೆ, ಹೋದ ವರ್ಷ ಅಲೆ ಒಡೀತಿದ್ದ ಜಾಗದಲ್ಲಿ ಈ ವರ್ಷ ಒಡೆಯುತ್ತೆ ಅಂತ ಗ್ಯಾರಂಟಿ ಇಲ್ಲ. ನನಗೆ ಹೇಳಿಕೊಟ್ಟಿದ್ದು ಅಲ್ಲಿನ ಮೀನುಗಾರರ ಮನೆ ಹುಡುಗ ಒಬ್ಬ, ನನಗಿಂತ ತುಂಬಾ ಚಿಕ್ಕವನು. ಅವನು ನೀರಿಗಿಳಿಯೋ ಮುಂಚೆ ಒಂದಷ್ಟು ಹೊತ್ತು ದಡದಲ್ಲಿ ಸುಮ್ನೆ ಕೂತ್ಕೋತಾನೆ, ಅಲೆ ಗುಂಪಾಗಿ ಬರೋದು, ನಡುವೆ ತೆಪ್ಪಗಾಗೋದು, ಎಲ್ಲಿ ಮೊದಲು ಬಿಳಿ ಕಾಣುತ್ತೆ, ಯಾವ ಕಡೆ ಬಿಚ್ಚಿಕೊಂಡು ಹೋಗುತ್ತೆ, ಎಲ್ಲಿ ಅಲೆನೇ ಒಡೆಯದೆ ನೀರು ಗಲೀಜು ಬಣ್ಣದಲ್ಲಿ ಹೊರಕ್ಕೆ ಹೋಗ್ತಿದೆ, ಎಲ್ಲಾ. ಆ ಕೊನೇದು ರಿಪ್ ಕರೆಂಟು, ಬೀಚಿಗೆ ಬರೋ ನಮ್ಮ ಬಯಲುಸೀಮೆ ಜನ ಅಲೆ ಇಲ್ಲ ಶಾಂತವಾಗಿದೆ ಅಂತ ಸರಿಯಾಗಿ ಅಲ್ಲೇ ಇಳಿಯೋದು. ಅದರಲ್ಲಿ ಸಿಕ್ಕಿದ್ರೆ ನೇರ ದಡದ ಕಡೆಗೆ ಈಜಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಗೆ ಬಂದು ಆಮೇಲೆ ತಿರುಗ್ಬೇಕು.

ಒಳಗೆ ಹೋಗೋಕೆ ಡಕ್ ಡೈವ್ ಬರ್ಬೇಕು. ಬಿಳಿ ನೊರೆ ಗೋಡೆ ಎದುರಿಗೆ ಬರ್ತಿದ್ದಂಗೆ ಎರಡೂ ಕೈಲಿ ಬೋರ್ಡಿನ ಮೂತಿ ಒತ್ತಿ ಮುಳುಗಿಸಿ, ಒಂದು ಮೊಣಕಾಲಲ್ಲಿ ಹಿಂಭಾಗ ತಳ್ಳಿ, ಅಲೆ ಕೆಳಗಿಂದ ನುಸುಳಿ ಆ ಕಡೆ ಏಳೋದು. ಬೋರ್ಡು ಸಣ್ಣದಿರೋದ್ರಿಂದ ಇದರಲ್ಲಿ ನಮಗೆ ಸರ್ಫರ್‌ಗಳಿಗಿಂತ ಸುಖ, ಅವರು ದೊಡ್ಡ ಸಾಫ್ಟ್‌ಬೋರ್ಡ್ ಜೊತೆ ಕುಸ್ತಿ ಆಡ್ತಿರೋವಾಗ ನಾವು ಆಗ್ಲೇ ಹೊರಗೆ.

ಅಲೆ ಹಿಡಿಯೋದು ಅಂದ್ರೆ ಬರೀ ವೇಗ ಹೊಂದಿಸೋದು, ಮೇಲೆ ಹೇಳಿದ್ನಲ್ಲ. ಅಲೆ ತಲುಪೋ ಕೆಲವು ಸೆಕೆಂಡ್ ಮುಂಚಿನಿಂದಲೇ ಒದೆಯೋಕೆ ಶುರು, ಸೊಂಟದ ಮೂಳೆ ಬೋರ್ಡಿನ ಹಿಂತುದಿ ಹತ್ರ, ಎದೆ ಮೇಲೆ, ಬೋರ್ಡಿನ ಬಾಲ ಎದ್ದಿದ್ದು ಗೊತ್ತಾದ ಕ್ಷಣ ತೂಕ ಮುಂದಕ್ಕೆ. ಮುಂದೆ ಜರುಗಿದ್ರೆ ಸ್ಪೀಡು, ಹಿಂದೆ ಜರುಗಿದ್ರೆ ಬ್ರೇಕು, ಇಡೀ ಆಟದ ಗೇರ್ ಬಾಕ್ಸ್ ಅಷ್ಟೇ. ನೇರ ದಡಕ್ಕೆ ಹೋದ್ರೆ ನೊರೆ ಜೊತೆ ಮರಳಿಗೆ ಹೋಗ್ತೀವಿ, ಮಕ್ಕಳು ಮಾಡೋದು ಅದು, ಅದೂ ಖುಷೀನೇ ಬಿಡಿ. ಟ್ರಿಕ್ಕು ಬೇಕು ಅಂದ್ರೆ ಪಕ್ಕಕ್ಕೆ ಹೋಗ್ಬೇಕು, ಅಲೆ ಇನ್ನೂ ಒಡೆಯದ ಗೋಡೆ ಕಡೆಗೆ. ಎಡಕ್ಕೆ ಹೋಗೋದಾದ್ರೆ ಎಡಗೈ ಮೂತಿಯ ಎಡ ಮೂಲೇಲಿ, ಎಡ ಮೊಣಕೈ ಬೋರ್ಡಿನ ಮೇಲೆ ಊರಿ, ಬಲಗೈ ಬಲ ಅಂಚಿನ ನಡುಭಾಗ ಹಿಡಿದು ಸ್ವಲ್ಪ ಮೇಲಕ್ಕೆತ್ತಿ, ತೂಕ ಎಲ್ಲಾ ಎಡ ಸೊಂಟಕ್ಕೆ. ಎಡ ಅಂಚು ಅಲೆ ಗೋಡೇಲಿ ಕಚ್ಚಿಕೊಳ್ಳುತ್ತೆ, ಬೋರ್ಡು ಗೋಡೆಗುಂಟ ಓಡುತ್ತೆ. ಬಲಕ್ಕೆ ಹೋದ್ರೆ ಇದೇ ಅದಲು ಬದಲು. ಕೆಳಗಿಳಿದು ಅಂಚು ಒತ್ತಿ ಮತ್ತೆ ಮೇಲಕ್ಕೆ ತಿರುಗೋದು ಬಾಟಮ್ ಟರ್ನ್. ವೀಡಿಯೊದಲ್ಲಿ ಯಾರೂ ಇದನ್ನ ನೋಡಲ್ಲ, ನನ್ನ ಪ್ರಕಾರ ಎಲ್ಲಾ ಇದರಲ್ಲೇ ಇದೆ. ಎಷ್ಟು ಇಳಿದ್ರಿ, ಎಲ್ಲಿ ತಿರುಗಿದ್ರಿ, ತಿರುಗೋವಾಗ ಎಲ್ಲಿ ನೋಡ್ತಿದ್ರಿ ಅನ್ನೋದರ ಮೇಲೆ ಲಿಪ್ಪನ್ನ ಎಲ್ಲಿ ಮುಟ್ತೀರಿ ಅನ್ನೋದು ನಿಂತಿದೆ. "ಬೋರ್ಡ್ ನೋಡ್ಬೇಡಿ ಮಾರಾಯ್ರೆ, ಅದು ಓಡಿ ಹೋಗುದಿಲ್ಲ, ಅಲೆ ನೋಡಿ" ಅಂತ ಆ ಹುಡುಗ ದಿನಾ ಕೂಗ್ತಾನೆ.

ಈಗ ಸ್ಪಿನ್ನು. ಫಾರ್ವರ್ಡ್ ಸ್ಪಿನ್ ಅಂದ್ರೆ ಅಲೆ ಗೋಡೆ ಇರೋ ಕಡೆಗೆ ತಿರುಗಿ ಮಲಗಿದಲ್ಲೇ ಪೂರ್ತಿ 360 ಡಿಗ್ರಿ. ಕಡಪ ಕಲ್ಲಿನ ಮೇಲೆ ಮೈ ಕಲಿತಿದ್ದಾಗಿದೆ, ನೀರಲ್ಲಿ ಸೇರಿಕೊಳ್ಳೋದು ಅಂಚಿನ ವಿಷಯ. ಇಷ್ಟೊತ್ತು ಒಳ ಅಂಚನ್ನ ಗೋಡೆಗೆ ಒತ್ತಿ ಹಿಡಿದು ಓಡ್ತಿದ್ವಲ್ಲ, ಸ್ಪಿನ್ ಶುರುಮಾಡೋ ಕ್ಷಣ ಆ ಹಿಡಿತ ಬಿಡ್ಬೇಕು, ಬೋರ್ಡು ಚಪ್ಪಟೆ ಆಗ್ಬೇಕು, ಮೈ ಒಂದು ಚೂರು ಮುಂದೆ ಜರುಗಿ ತೂಕ ಮಧ್ಯಕ್ಕೆ ಬರ್ಬೇಕು. ಅಂಚಲ್ಲಿ ಸ್ವಲ್ಪ ತೂಕ ಉಳಿದ್ರೂ ಅರ್ಧ ತಿರುಗಿದಾಗ ನೀರು ಅದನ್ನ ಹಿಡ್ಕೊಂಡು ಸವಾರನನ್ನ ಒಗೆಯುತ್ತೆ. ಅರ್ಧ ತಿರುಗಿದ ಆ ಜಾಗ ವಿಚಿತ್ರ, ಹಿಮ್ಮುಖವಾಗಿ ಜಾರ್ತಿರ್ತೀವಿ, ಕಣ್ಣೆದುರಿಗೆ ನೀರಿನ ಗೋಡೆ ಬಿಟ್ರೆ ಏನೂ ಇಲ್ಲ, ಮನಸ್ಸು ಅಲ್ಲೇ ನಿಲ್ಲೋಣ ಅನ್ನುತ್ತೆ. ಕಣ್ಣು ನಿಂತ್ರೆ ಮೈ ನಿಲ್ಲುತ್ತೆ. ಕಣ್ಣು ಗೋಡೆ ದಾಟಿ, ಕಡಲು ದಾಟಿ, ಮತ್ತೆ ದಡ ಹುಡುಕ್ತಾ ಹೋದ್ರೆ ಉಳಿದರ್ಧ ತಾನಾಗೇ ಬರುತ್ತೆ, ಬಂದ ತಕ್ಷಣ ಮುಂದಕ್ಕೆ ಒರಗಿ ಸ್ಪೀಡ್ ವಾಪಸ್ ತಗೋಬೇಕು. ಮತ್ತೆ ಇದನ್ನ ಎಲ್ಲಿ ಬೇಕಾದ್ರೂ ಮಾಡೋಕಾಗಲ್ಲ, ಅಲೆ ಗೋಡೆಯ ಮೇಲರ್ಧದಲ್ಲಿ, ಇಳಿಜಾರು ಕಡಿದಾಗಿರೋ ಕಡೆ ಮಾತ್ರ, ಅಲೆಯ ಭುಜ, ಅಂದ್ರೆ ಇನ್ನೂ ಎದ್ದು ನಿಲ್ಲದ ಚಪ್ಪಟೆ ಪಕ್ಕದ ಕಡೆ ಹೋಗಿ ತಿರುಗಿದ್ರೆ ಅಲೆ ಬಿಟ್ಟು ಹೋಗಿರುತ್ತೆ, ನಾವು ನಡುನೀರಲ್ಲಿ ಸುತ್ತುತಾ ಇರ್ತೀವಿ.

ಮಂಡಿ ಹುಡುಗ್ರ ಪಲ್ಟಿಗೆ ಬಂದೆ. ಅದರ ಹೆಸರು ಎಲ್ ರೋಲೊ. ಬಾಟಮ್ ಟರ್ನ್ ಮಾಡಿ ಮೇಲಕ್ಕೆ ಬರ್ತಾ, ಮುಂದೆ ಎಲ್ಲಿ ಲಿಪ್ಪು ಬೀಳೋಕೆ ರೆಡಿಯಾಗ್ತಿದೆ ಅಂತ ಗುರಿ ಇಟ್ಟು, ಬಿದ್ದ ಮೇಲಲ್ಲ, ಬೀಳೋ ಮುಂಚೆಯೂ ಅಲ್ಲ, ಸರಿಯಾಗಿ ಎದ್ದು ಬಗ್ಗೋ ಕ್ಷಣಕ್ಕೆ ಬೋರ್ಡಿನ ಅಡಿಭಾಗ ಅದಕ್ಕೆ ಒಡ್ಬೇಕು. ನಮ್ಮಜ್ಜಿ ರಾಗಿ ಕೇರೋವಾಗ ಮೊರದ ತುದಿ ಒಂದು ಸಲ ಚಿಮ್ಮಿಸ್ತಿದ್ರು ನೋಡಿ, ರಾಗಿ ತಾನಾಗೇ ಎದ್ದು ಕಮಾನಾಗಿ ಬಂದು ಮತ್ತೆ ಮೊರಕ್ಕೇ ಬೀಳೋದು, ರಾಗಿ ಏನೂ ಪ್ರಯತ್ನ ಪಡಲ್ಲ, ಇಲ್ಲಿ ನಾವೇ ರಾಗಿ. ಮೇಲೆ ಹೋಗಿ ಕೈಯಿಂದ ಬೋರ್ಡ್ ತಿರುಚಿ ಪಲ್ಟಿ ಹೊಡೆಯೋಕೆ ಹೋದವರು ಅಲೆ ಹಿಂದಕ್ಕೆ ಬೀಳ್ತಾರೆ, ಅಥವಾ ಲಿಪ್ಪಿನ ಜೊತೆ ನೇರ ತಳಕ್ಕೆ. ಬೋರ್ಡು ಮೈಗೆ ಅಂಟಿರ್ಬೇಕು, ಎರಡೂ ಕೈ ಗಟ್ಟಿ, ತಲೆ ಲಿಪ್ಪು ಬೀಳೋ ದಿಕ್ಕಿಗೆ ತಿರುಗಿ ಇಳಿಯೋ ಜಾಗ ಹುಡುಕ್ತಿರ್ಬೇಕು. ಇಳಿಯೋವಾಗ ಚಪ್ಪಟೆ ನೀರಿಗಿಂತ ನೊರೆ ಮೇಲೆ ಬಿದ್ರೆ ಒಳ್ಳೇದು, ಅದು ಮೆತ್ತಗೆ, ಏಟನ್ನ ಮೊಣಕೈ ಮತ್ತು ಹೊಟ್ಟೆಗೆ ಹಂಚಬೇಕು, ಎದೆ ಮೂಳೆಗೆ ತಗೋಬಾರದು. ಎದೆಮಟ್ಟ ನೀರಲ್ಲಿ ಒಡೆಯೋ ಅಲೆ ಅಂತ ಆಗ್ಲೇ ಹೇಳಿದೆ, ಕೆಳಗೆ ಮರಳಿದೆ, ಕಾಪು ಲೈಟ್‌ಹೌಸ್ ಕಡೆ ಆದ್ರೆ ಬಂಡೆ. ಹಾಗಾಗಿ ರೋಲೊ ಕಲಿಯೋಕೆ ಮರಳ ಬೀಚು, ಏರುನೀರು, ಜೊತೆಗೆ ಒಬ್ರು, ಇದಿಲ್ಲದೆ ನಾನು ಮಾಡಲ್ಲ. ಇದೇ ರೋಲ್ ಜೊತೆ ಗಾಳಿಯಲ್ಲೇ ಸ್ಪಿನ್ನೂ ಸೇರಿಸಿ ಏರ್ ರೋಲ್ ಸ್ಪಿನ್ ಅಂತ ಮಾಡ್ತಾರೆ, ಆಸ್ಟ್ರೇಲಿಯಾದ ಮೈಕಲ್ ಎಪಲ್‌ಸ್ಟನ್ ಹೆಸರಿನ ಜೊತೆ ಸೇರಿಕೊಂಡಿರೋ ಟ್ರಿಕ್ಕು ಅದು. ನಾನು ಅದನ್ನ ನೋಡಿ ಚಪ್ಪಾಳೆ ಹೊಡೆಯೋ ಪಾರ್ಟಿ.

ಬೋರ್ಡ್ ಬಗ್ಗೆ ಎರಡು ಮಾತು, ಕೇಳೋರು ಇದಾರೆ ಅಂತ. ನಿಲ್ಲಿಸಿದ್ರೆ ಹೊಕ್ಕುಳ ಹತ್ರ ಬರ್ಬೇಕು ಎತ್ತರ. ಒಳಗಿನ ಫೋಮು ಎರಡು ಜಾತಿ ಸಿಗುತ್ತೆ, ಪಾಲಿಎಥಿಲೀನ್ ತಣ್ಣೀರಿಗೆ ಚೆನ್ನ, ನಮ್ಮ ಬೆಚ್ಚಗಿನ ಅರಬ್ಬಿ ಸಮುದ್ರದಲ್ಲಿ ಮೆತ್ತಗಾಗಿ ಜೋತು ಬೀಳುತ್ತೆ, ಇಲ್ಲಿಗೆ ಪಾಲಿಪ್ರೊಪಿಲೀನ್ ಬಿಗಿಯಾಗಿ ನಿಲ್ಲುತ್ತೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋದ್ರೆ ಚರ್ಮ ಗುಳ್ಳೆ ಎದ್ದು ಬಿಟ್ಕೊಳ್ಳುತ್ತೆ, ಬಸ್ಸಿನ ಡಿಕ್ಕಿಗೆ ಹಾಕೋವಾಗ ಯಾರದೋ ತೆಂಗಿನಕಾಯಿ ಮೂಟೆ ಮೇಲೆ ಬರದ ಹಾಗೆ ಕಂಡಕ್ಟರ್ ಹತ್ರ ಬೇಡ್ಕೋಬೇಕು. "ಏನ್ರೀ ಇದು, ಇಸ್ತ್ರಿ ಟೇಬಲ್ಲಾ?" ಅಂತ ಒಬ್ರು ಕೇಳಿದ್ರು, ಮೋರಿ ಕತೆ ಗೊತ್ತಿದ್ದು ಕೇಳಿದ್ರೇನೋ ಅನ್ಸ್ತು ಒಂದು ಕ್ಷಣ.

ಈಗ ನನ್ನ ಕಣ್ಣು ಡ್ರಾಪ್-ನೀ ಅನ್ನೋ ನಿಲುವಿನ ಮೇಲಿದೆ. ಒಂದು ಮೊಣಕಾಲು ಬೋರ್ಡಿನ ಮೇಲೆ ಊರಿ, ಇನ್ನೊಂದು ಪಾದ ಮುಂದಿಟ್ಟು, ಅರ್ಧ ಎದ್ದ ಸ್ಥಿತೀಲಿ ಹೋಗೋದು, ಹವಾಯಿಯ ಜಾಕ್ ಲಿಂಡ್‌ಹೋಮ್ ಅದನ್ನ ಎಷ್ಟು ಚೆನ್ನಾಗಿ ಮಾಡ್ದ ಅಂದ್ರೆ ಆ ನಿಲುವಿಗೆ ಜಾಕ್ ಸ್ಟಾನ್ಸ್ ಅಂತ್ಲೇ ಹೆಸರಾಯ್ತು. ಹೇಳಿಕೊಡೋ ಹುಡುಗನ ಹತ್ರ ಪ್ರಸ್ತಾಪ ಇಟ್ಟೆ. ಅವನು ಬೇಡ ಅಂದ. ನನ್ನ ಬಲಗಡೆ ಓಟ ಪರವಾಗಿಲ್ವಂತೆ, ಎಡಕ್ಕೆ ಹೋಗೋವಾಗ ಅಂಚು ಇನ್ನೂ ಕಚ್ಚಲ್ವಂತೆ, ಮೊದಲು ಅದು ಆಗ್ಲಿ, ಮೊಣಕಾಲು ಎಲ್ಲಿಗೂ ಹೋಗಲ್ಲ ಅಂದ. ಅವನು ಹೇಳೋದೂ ಸರೀನೇ, ಬಲಗಡೆ ಅಲೆ ಬಂದ್ರೆ ಕಣ್ಮುಚ್ಚಿ ಹೊರಡ್ತೀನಿ, ಎಡಗಡೆದು ಬಂದ್ರೆ ಇದು ಬೇಡ ಮುಂದಿನದು ನೋಡೋಣ ಅನ್ನೋ ಸೋಮಾರಿತನ ನಂದು. ಅದಕ್ಕೆ ಈ ಅಕ್ಟೋಬರಲ್ಲಿ ಹೋದಾಗ ಎಡಗಡೆ ಅಲೆ ಮಾತ್ರ ಹಿಡಿಯೋದು ಅಂತ ಇದ್ದೀನಿ, ಬಲಗಡೆದು ಎಷ್ಟೇ ಚೆನ್ನಾಗಿ ಎದ್ದು ಬಂದ್ರೂ ಬಿಟ್ಟುಬಿಡೋದು ಅಂತ. ಮೊದಲನೇ ಬೆಳಗ್ಗೆ ದಾಟಿದ್ರೆ ಸಾಕು.